ವಧುಗಳ ಸೂಚಿ

"ಇಲ್ಲ ಅಂದ್ಮೇಲೆ ಇಲ್ಲ, ಮಿಸ್ ಐಡಾ. ಆ ಮದುವೇನ ನಾನೇನು ಡ್ರಾಯರ್‌ನಲ್ಲಿ ಬಚ್ಚಿಟ್ಕೊಂಡಿದೀನಾ?"

ಟ್ವೈಲಾ ಗೇಹಾರ್ಟ್ ಅರ್ಧ ತಿಂದ ಸೇಬಿನ ಕಡುಬನ್ನು ಕಾಗದದ ಮೇಲಿಟ್ಟು ಬೆರಳು ಒರೆಸಿಕೊಂಡಳು. ಲೆಸ್ಟನ್ ಕೌಂಟಿ ಕ್ಲರ್ಕ್ ಕಚೇರಿಯ ಕಿಟಕಿಯ ಆಚೆ ಅವಳು, ಈಚೆ ಪತ್ತೇದಾರಿಣಿ ಐಡಾ ಮಾಬ್ರಿ. ಐಡಾಳ ಬೆನ್ನ ಹಿಂದೆ ಟ್ರಕ್ಕಿನ ನಂಬರ್ ಪ್ಲೇಟು ನವೀಕರಿಸಲು ಬಂದವರ ಸಾಲು ಬಾಗಿಲು ದಾಟಿತ್ತು. ಈ ಕೌಂಟಿಯಲ್ಲಿ ಮದುವೆಯ ಲೈಸೆನ್ಸಿಗೂ ಟ್ರಕ್ಕಿನ ಲೈಸೆನ್ಸಿಗೂ ಒಂದೇ ಕಿಟಕಿ.

"ಬೇಗ ಮುಗ್ಸಿ ತಾಯಿ," ಎಂದ ಸಾಲಿನ ಮೊದಲಲ್ಲಿದ್ದ ಮುದುಕ. "ಮದುವೆ ಲೈಸೆನ್ಸು ಒಂದ್ಸಲ ತಗೊಂಡ್ರೆ ಸಾಯೋವರ್ಗೂ ನಡೆಯುತ್ತೆ. ನನ್ನ ಟ್ರಕ್ಕಿಂದು ಇವತ್ತಿಗೇ ಮುಗೀತು."

"ಮದುವೇನೂ ವರ್ಷಾ ವರ್ಷಾ ನವೀಕರಿಸ್ಬೇಕು ಅಂತಿದ್ದಿದ್ರೆ ನಿಮ್ಮನೆಯವ್ರು ಎರಡ್ನೇ ವರ್ಷಾನೇ ಈ ಕಡೆ ತಲೆ ಹಾಕ್ತಿರ್ಲಿಲ್ಲ ಬಿಡಿ," ಎಂದಳು ಟ್ವೈಲಾ.

ಸಾಲಿಗೆ ಸಾಲೇ ನಕ್ಕಿತು. ಐಡಾ ನಗಲಿಲ್ಲ. ಕೈಯಲ್ಲಿದ್ದ ಪತ್ರವನ್ನು ಕಿಟಕಿಯ ಕಟ್ಟೆಯ ಮೇಲೆ ಹರಡಿದಳು.

ಬೆಟ್ಟದಾಚೆಯ ಆಸ್ಪತ್ರೆಯಲ್ಲಿ ವರ್ಜಿಲ್ ಸ್ಟಿಡ್‌ಹ್ಯಾಮ್ ಪ್ರಜ್ಞೆಯಿಲ್ಲದೆ ಮಲಗಿದ್ದ. ಕೊಟ್ಟಿಗೆಯ ಮಾಡಿನಿಂದ ಬಿದ್ದು ತಲೆಯೊಳಗೆ ರಕ್ತ ಹೆಪ್ಪುಗಟ್ಟಿತ್ತು. ಶಸ್ತ್ರಚಿಕಿತ್ಸೆ ಮಾಡಿದರೆ ಏಳಬಹುದು, ಬಿಟ್ಟರೆ ಏಳುವುದಿಲ್ಲ ಎಂದಿದ್ದರು ವೈದ್ಯರು. ಹೆಂಡತಿ ಓಪಲ್ ಸಹಿ ಹಾಕಲು ಸಿದ್ಧಳಿದ್ದಳು. ಆದರೆ ವರ್ಜಿಲ್‌ನ ತಮ್ಮ ಡೆನ್ವರ್ ಈ ಪತ್ರ ಹಿಡಿದುಕೊಂಡು ಬಂದಿದ್ದ. ಇವಳು ಹೆಂಡತಿಯೇ ಅಲ್ಲ, ರಕ್ತಸಂಬಂಧಿ ನಾನು, ನನ್ನ ಅಣ್ಣನಿಗೆ ಚಾಕು ತಾಗಿಸಬೇಡಿ ಎಂದಿದ್ದ.

ಎಷ್ಟು ವರ್ಷ ಜೊತೆಗಿದ್ದರೂ ದಾಖಲೆಯಿಲ್ಲದ ಸಂಸಾರವನ್ನು ಕೆಂಟಕಿಯ ಕಾನೂನು ಮದುವೆಯೆಂದು ಒಪ್ಪುವುದಿಲ್ಲ. ಆಸ್ಪತ್ರೆಯ ವಕೀಲರು ಓಪಲ್‌ಗೆ ಸಂಜೆಯವರೆಗೆ ಸಮಯ ಕೊಟ್ಟಿದ್ದರು. ಅಷ್ಟರೊಳಗೆ ಕೌಂಟಿಯ ಮುದ್ರೆಯಿರುವ ಮದುವೆ ದಾಖಲೆಯ ನಕಲು ಬೇಕು. ಇಲ್ಲವಾದರೆ ಡೆನ್ವರ್ ಹೇಳಿದ್ದೇ ಕೊನೆಯ ಮಾತು.

ಐಡಾ ಪತ್ರವನ್ನು ಮತ್ತೊಮ್ಮೆ ಓದಿದಳು. 'ಮೇಲೆ ಕಾಣಿಸಿದ ಹೆಸರುಗಳಲ್ಲಿ, ಸದ್ಯ ಲಭ್ಯವಿರುವ ಸೂಚಿಯಲ್ಲಿ, ಯಾವ ಮದುವೆಯೂ ಕಂಡುಬಂದಿಲ್ಲ.' ಕೆಳಗೆ ಟ್ವೈಲಾಳ ಸಹಿ.

"ಲಭ್ಯವಿರುವ ಸೂಚಿ ಅಂದ್ರೆ ಯಾವುದು?"

"ಹೆಣ್ಣಿನ ಕಡೇದು. ಗಂಡಿನ ಕಡೆ ಸೂಚಿಯೆಲ್ಲ ಕೆಳಗಿನ ಹಲಗೇಲಿತ್ತು. ಹೋದ ಬೇಸಿಗೆ ನೆರೆಯಲ್ಲಿ ಒದ್ದೆಯಾಗಿ ಇಷ್ಟು ದಪ್ಪ ಉಬ್ಕೊಂಡ್ವು. ಒಣಗಿಸೋಕೆ ಅಂತ ಓಹಾಯೋಗೆ ಕಳ್ಸಿದೀವಿ. ಯಾವಾಗ ಬರುತ್ತೋ ದೇವರೇ ಬಲ್ಲ."

"ಮದುವೆ ಪುಸ್ತಕಗಳು?"

"ಮೇಲ್ಗಡೆ ಕೋರ್ಟ್ ಹಾಲ್‌ನಲ್ಲಿ, ಡಬ್ಬಗಳಲ್ಲಿ. ಪುಸ್ತಕದ ನಂಬರು, ಪುಟದ ನಂಬರು ಹೇಳಿದ್ರೆ ತರ್ತೀನಿ. ಸುಮ್ನೆ ಕೆದಕೋಕೆ ಬಿಡ್ಬೇಡಿ ಅಂತ ಆರ್ಡರ್ ಆಗಿದೆ. ರಾಜಧಾನಿಗೆ ಬರೆದು ಕೇಳ್ಬಹುದು. ಅಲ್ಲಿಂದ ಬರೋಕೆ ವಾರಗಟ್ಲೆ."

ವಾರಗಟ್ಟಲೆ ಕಾಯುವಷ್ಟು ಪುರುಸೊತ್ತು ವರ್ಜಿಲ್‌ನ ತಲೆಗೆ ಇರಲಿಲ್ಲ.

"ನಾನೇ ಒಂದ್ಸಲ ಸೂಚಿ ನೋಡ್ಲಾ?"

"ನೋಡಿ. ಅದು ಎಲ್ಲರ್ದೂ. ಆದ್ರೆ ಕಾಫಿ ಲೋಟ ಹೊರಗಿಡಿ."

ಉಕ್ಕಿನ ಬಾಗಿಲ ಕೋಣೆಯಲ್ಲಿ ಇನ್ನೂ ಕೆಸರಿನ ವಾಸನೆ. ಗೋಡೆಯ ಮೇಲೆ ನೀರು ನಿಂತಿದ್ದ ಗೆರೆ ಐಡಾಳ ಮೊಣಕಾಲಿನ ಎತ್ತರಕ್ಕಿತ್ತು. ಆ ಗೆರೆಯ ಮೇಲಿದ್ದದ್ದೆಲ್ಲ ಉಳಿದಿತ್ತು. ಕೆಳಗಿನದೆಲ್ಲ ಹೋಗಿತ್ತು.

ಮೇಲಿನ ಹಲಗೆಯಿಂದ ವಧುಗಳ ಸೂಚಿಯನ್ನು ಎರಡೂ ಕೈಯಲ್ಲಿ ಇಳಿಸಿದಳು. ಕೆಂಪು ಚರ್ಮದ ರಟ್ಟು, ಹೊಟ್ಟೆಯ ಮೇಲಿಟ್ಟು ಎತ್ತಬೇಕಾದ ಭಾರ. ತೆರೆದರೆ ಒಂದರ ಕೆಳಗೊಂದು ಹೆಣ್ಣುಮಕ್ಕಳ ಹೆಸರು, ಎದುರಿಗೆ ಗಂಡಿನದು, ಪಕ್ಕದಲ್ಲಿ ಪುಸ್ತಕ ಮತ್ತು ಪುಟ.

ಓಪಲ್ ಹೇಳಿದ್ದ ತವರಿನ ಹೆಸರು ಕೋಮ್ಸ್. ಕೋಮ್ಸ್‌ಗಳೇ ಎಷ್ಟೋ ಪುಟ. ಆಡಾ ಕೋಮ್ಸ್, ಡೆಲ್ಫಿ ಕೋಮ್ಸ್, ಮರ್ಟಲ್ ಕೋಮ್ಸ್. ಐಡಾ ಬೆರಳಿಟ್ಟುಕೊಂಡು ಇಳಿದಳು.

ಓಪಲ್ ಕೋಮ್ಸ್.

ಅವಳ ಬೆರಳು ಪಕ್ಕಕ್ಕೆ ಸರಿಯಿತು. ವರನ ಹೆಸರು ಸ್ಟಿಡ್‌ಹ್ಯಾಮ್. ಆದರೆ ವರ್ಜಿಲ್ ಅಲ್ಲ. ಎಮೆಟ್ ಸ್ಟಿಡ್‌ಹ್ಯಾಮ್. ವರ್ಷವೂ ಬೇರೆ, ಓಪಲ್ ಹೇಳಿದ್ದಕ್ಕಿಂತ ಮುಂಚಿನದು.

"ಟ್ವೈಲಾ!"

ಟ್ವೈಲಾ ಬಾಗಿಲಿಗೆ ಬಂದಳು. ಹಿಂದಿನಿಂದ ಮುದುಕನ ನಿಟ್ಟುಸಿರು ಕೇಳಿಸಿತು.

"ಇದನ್ನ ನೀವು ನೋಡಿರ್ಲಿಲ್ವಾ?"

"ನೋಡ್ದೆ. ಅದು ಎಮೆಟ್. ಡೆನ್ವರ್ ಕೇಳಿದ್ದು ವರ್ಜಿಲ್. ಗಂಡು ಬೇರೆ ಆದ್ರೆ ಮದುವೇನೂ ಬೇರೆ ತಾನೆ? ಈ ಕಣಿವೇಲಿ ಆ ಕಾಲಕ್ಕೆ ಹುಟ್ಟಿದ ಹೆಣ್ಣುಗಳೆಲ್ಲ ಓಪಲ್ಲೇ."

"ಎಮೆಟ್ ಸ್ಟಿಡ್‌ಹ್ಯಾಮ್ ಯಾರು?"

"ನಾನಿನ್ನೂ ಹುಟ್ಟಿರ್ಲಿಲ್ಲ, ಮಿಸ್ ಐಡಾ. ಹೊಳೇಲಿ ಕಲ್ಲು ಎಷ್ಟಿದಾವೋ ಇಲ್ಲಿ ಸ್ಟಿಡ್‌ಹ್ಯಾಮ್‌ಗಳು ಅಷ್ಟಿದಾರೆ."

ಐಡಾ ಸೂಚಿಯ ಮೇಲೆ ಕೈಯಿಟ್ಟು ನಿಂತಳು. ಓಪಲ್ ಮದುವೆಯಾದದ್ದು ಎಮೆಟ್‌ನನ್ನೇ ಆಗಿದ್ದು, ಆಮೇಲೆ ವರ್ಜಿಲ್‌ನ ಜೊತೆ ಸುಮ್ಮನೆ ಬಾಳಿದ್ದರೆ? ಹಾಗಾದರೆ ಡೆನ್ವರ್ ಹೇಳಿದ್ದೇ ನಿಜ. ಸುಳ್ಳು ಹೇಳಿದ್ದು ತನ್ನ ಕಕ್ಷಿಗಾರಳೇ.

ಕೇಳುವ ಒಂದೇ ದಾರಿಯಿತ್ತು. ಅವಳು ಹೊರಗೆ ನಡೆದಳು.

ಓಪಲ್ ಕೋರ್ಟಿನ ಅಂಗಳದಲ್ಲಿ, ಐಡಾಳ ಕಾರಿನೊಳಗೆ ಕೂತಿದ್ದಳು. ಮಡಿಲಲ್ಲಿ ಒಂದು ಚೀಲ. ಅದರಲ್ಲಿ ವರ್ಜಿಲ್‌ನ ಒಗೆದ ಅಂಗಿ, ಉಣ್ಣೆಯ ಕಾಲುಚೀಲ. ಡೆನ್ವರ್‌ನ ಪತ್ರ ಬಂದಾಗಿನಿಂದ ಆಸ್ಪತ್ರೆಯವರು ಅವಳನ್ನು ಒಳಗೆ ಬಿಟ್ಟಿರಲಿಲ್ಲ. ಆದರೂ ದಿನವೂ ತರುತ್ತಿದ್ದಳು.

ಐಡಾ ಪಕ್ಕದಲ್ಲಿ ಕೂತು ಬಾಗಿಲು ಹಾಕಿದಳು.

"ಎಮೆಟ್ ಯಾರು, ಮಿಸ್ ಓಪಲ್?"

ಚೀಲದ ಬಾಯಿ ಮಡಿಸುತ್ತಿದ್ದ ಕೈ ನಿಂತಿತು.

"ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ. ಮೇಲಿನ ಹಲಗೇಲಿ ಉಳಿದಿರೋ ವಧುಗಳ ಸೂಚೀಲಿದೆ. ಕೆಳಗಿದ್ದ ಗಂಡಿನ ಕಡೇದು ನೆರೇಲಿ ಹೋಯ್ತು."

"ಹಾಳಾದ ಸೂಚಿ. ನೆರೆ ಬಂದಾಗ ಕೆಳಗಿಂದು ಉಳಿದು ಮೇಲಿಂದು ಹೋಗ್ಬಾರ್ದಿತ್ತಾ?" ಓಪಲ್ ಕಾರಿನ ಗಾಜಿನಾಚೆ ನೋಡಿದಳು. "ನನ್ನ ಗಂಡ. ಮೊದಲ್ನೇ ಗಂಡ. ವರ್ಜಿಲ್‌ನ ಅಣ್ಣ."

"ಈಗ ಎಲ್ಲಿದಾನೆ?"

"ಗುಡ್ಡದ ಮೇಲೆ, ಅವರಮ್ಮನ ಪಕ್ಕ. ಗಣೀಲಿ ಮೇಲಿಂದ ಕಲ್ಲು ಕುಸಿದು ಬಿತ್ತು. ಆಸ್ಪತ್ರೇಲಿ ಹೋದ. ನನಗೆ ಇಪ್ಪತ್ತಾಗಿತ್ತು ಅಷ್ಟೆ."

ಓಪಲ್ ಚೀಲದ ಬಾಯಿಯನ್ನು ಮತ್ತೆ ಮಡಿಸಿದಳು.

"ಆ ಚಳಿಗಾಲ ಪೂರ್ತಿ ವರ್ಜಿಲ್ ಬಂದು ಸೌದೆ ಒಡೆದು ಹಾಕ್ತಿದ್ದ. ಮಾತಿಲ್ಲ, ಕತೆಯಿಲ್ಲ. ಸೌದೆ ಪೇರಿಸೋದು, ಹೋಗೋದು. ಒಂದಿನ ನಾನೇ ಬಾಗಿಲು ತೆಗೆದು ಕೇಳ್ದೆ. ಒಳಗೆ ಬಂದು ಬೆಂಕಿ ಕಾಯಿಸ್ಕೋತೀಯೋ, ಇಲ್ಲಾ ಅಲ್ಲೇ ನಿಂತು ನೀನೂ ಮರವಾಗ್ತೀಯೋ ಅಂತ."

"ಬಂದ್ನಾ?"

"ಶೂ ಬಿಚ್ಚಿ ಬಂದ." ಓಪಲ್‌ಳ ತುಟಿಯ ಮೂಲೆ ಅಲುಗಿತು. "ಮೈದುನನ್ನ ಕಟ್ಕೊಂಡ್ರೆ ಊರು ಸುಮ್ನಿರುತ್ತಾ? ಒಬ್ಬನ್ನ ಮಣ್ಣು ಮಾಡಿ ಇನ್ನೊಬ್ಬನ್ನ ಮಂಚಕ್ಕೆ ಕರೆದ್ಳು ಅಂದ್ರು. ಚರ್ಚಲ್ಲಿ ನಮ್ಮ ಬೆಂಚಲ್ಲಿ ಯಾರೂ ಕೂರ್ತಿರ್ಲಿಲ್ಲ. ಆರಾಮಾಗಿ ಕಾಲು ಚಾಚ್ಕೊಂಡು ಕೂರ್ತಿದ್ವಿ."

"ನನಗೆ ಯಾಕೆ ಮೊದ್ಲೇ ಹೇಳ್ಲಿಲ್ಲ?"

"ವರ್ಜಿಲ್ ಮಾತು ತಗೊಂಡಿದ್ದ. ಎಮೆಟ್ ಹೇಗೆ ಹೋದ ಅನ್ನೋದನ್ನ ನಮ್ಮನೇಲಿ ಯಾವತ್ತೂ ಎತ್ತಬಾರ್ದು ಅಂತ. ಇಷ್ಟು ವರ್ಷದಲ್ಲಿ ಅವನು ನನ್ನ ಕೇಳಿದ್ದು ಅದೊಂದೇ. ವರನ ಹೆಸರಲ್ಲಿ ಸಿಕ್ಕೇ ಸಿಗುತ್ತೆ, ಹಳೇದನ್ನ ಯಾಕೆ ಎತ್ತಲಿ ಅಂದ್ಕೊಂಡೆ."

"ಮದುವೆ ಕಾಗದ ನಿಮ್ಮ ಹತ್ರ ಇದ್ದಿದ್ದು..."

"ಹೊಳೆಗೆ ಹೋಯ್ತು. ಕಾಗದ, ಬೈಬಲ್ಲು, ಒಲೆ, ಕೋಳಿಗೂಡು. ಕೋಳಿಗೂಡು ಸಿಕ್ತು."

ಐಡಾಳಿಗೆ ಇನ್ನೊಂದು ವಿಷಯ ಹೊಳೆದಿತ್ತು. ಅದನ್ನು ಮೆಲ್ಲಗೆ ಕೇಳಿದಳು.

"ವರ್ಜಿಲ್ ಜೊತೆ ಲೈಸೆನ್ಸ್ ತಗೊಳ್ಳೋಕೆ ಈ ಕಿಟಕಿಗೆ ಬಂದ್ರಲ್ಲ, ಆಗ ನಿಮ್ಮ ಹೆಸರೇನು?"

"ಓಪಲ್."

"ಮನೆತನದ ಹೆಸರು?"

"ಸ್ಟಿಡ್‌ಹ್ಯಾಮ್. ಎಮೆಟ್‌ನ ಹೆಂಡ್ತಿ ಅಲ್ವಾ ನಾನು." ಐಡಾಳ ಕಡೆ ತಿರುಗಿದಳು. "ಅಯ್ಯೋ ನನ್ನ ದೇವ್ರೇ."

ಹೆಣ್ಣು ಯಾವ ಹೆಸರಿನಲ್ಲಿ ಕಿಟಕಿಗೆ ಬಂದಳೋ ಸೂಚಿಯಲ್ಲಿ ಆ ಹೆಸರೇ ಇರುತ್ತದೆ. ತವರಿನ ಹೆಸರಲ್ಲಿ ಹುಡುಕಿದರೆ ಸಿಗುವುದು ಮೊದಲ ಮದುವೆ. ಎರಡನೆಯದಕ್ಕೆ ಸತ್ತ ಗಂಡನ ಹೆಸರಿನಲ್ಲಿ ಹುಡುಕಬೇಕು. ಸ್ಟಿಡ್‌ಹ್ಯಾಮ್ ಆಗಿಯೇ ಬಂದು ಸ್ಟಿಡ್‌ಹ್ಯಾಮ್ ಆಗಿಯೇ ಹೋದ ವಧುವನ್ನು ಕೋಮ್ಸ್‌ಗಳ ನಡುವೆ ಹುಡುಕಿದರೆ ಹೇಗೆ ಸಿಕ್ಕಾಳು?

"ಬನ್ನಿ," ಎಂದಳು ಐಡಾ. "ಈ ಸಲ ನೀವೇ ಬನ್ನಿ."

ಸೂಚಿಯ ಕೊನೆಯ ಭಾಗ ತೆರೆಯಿತು. ಓಪಲ್ ಕನ್ನಡಕ ಏರಿಸಿಕೊಂಡು ಪಕ್ಕದಲ್ಲೇ ಬಗ್ಗಿದಳು. ಸ್ಟೇಸಿ, ಸ್ಟ್ಯಾಂಪರ್. ಆಮೇಲೆ ಸ್ಟಿಡ್‌ಹ್ಯಾಮ್‌ಗಳು ಶುರುವಾದರು. ಮನೆಮನೆಯ ಹೆಣ್ಣುಮಕ್ಕಳು, ಯಾರ್ಯಾರನ್ನೋ ಮದುವೆಯಾಗಿ ಹೋದವರು.

"ಇಲ್ಲಿ," ಎಂದಳು ಓಪಲ್.

ಓಪಲ್ ಸ್ಟಿಡ್‌ಹ್ಯಾಮ್. ಎದುರಿಗೆ ವರ್ಜಿಲ್ ಸ್ಟಿಡ್‌ಹ್ಯಾಮ್.

ಅವಳು ಆ ಸಾಲಿನ ಮೇಲೆ ಬೆರಳಿಡಲಿಲ್ಲ. ಪಕ್ಕದಲ್ಲಿಟ್ಟಳು, ಮಸಿ ಇನ್ನೂ ಹಸಿಯಿದೆಯೇನೋ ಎಂಬಂತೆ.

ಟ್ವೈಲಾ ಸಾಲನ್ನೂ ಮುದುಕನನ್ನೂ ಅಲ್ಲೇ ಬಿಟ್ಟು ಮೆಟ್ಟಿಲು ಹತ್ತಿ ಓಡಿದಳು. ಮೇಲೆ ಡಬ್ಬಗಳನ್ನು ಎಳೆದಾಡುವ ಸದ್ದು, ಒಂದೆರಡು ಬೈಗುಳ. ಬಂದಾಗ ಕೂದಲಲ್ಲಿ ಧೂಳು, ತೋಳಲ್ಲಿ ದೊಡ್ಡ ಪುಸ್ತಕ.

ಪುಟದಲ್ಲಿ ಎಲ್ಲವೂ ಇತ್ತು. ವಧು: ವಿಧವೆ. ವರ: ಅವಿವಾಹಿತ. ಕೆಳಗೆ ಮದುವೆ ಮಾಡಿಸಿದ ಬೋಧಕರ ಸಹಿ. ಮದುವೆಯಾದ ಮೇಲೆ ಲೈಸೆನ್ಸನ್ನು ಅವರು ಮರಳಿ ತಂದುಕೊಟ್ಟಿದ್ದಕ್ಕೆ ಕಚೇರಿಯ ಗುರುತು. ಅದಕ್ಕೂ ಕೆಳಗೆ ಇಬ್ಬರು ಸಾಕ್ಷಿಗಳು.

ಐಡಾ ಎರಡನೆಯ ಸಾಕ್ಷಿಯ ಹೆಸರನ್ನು ಓದಿ, ಮತ್ತೆ ಓದಿದಳು.

"ಟ್ವೈಲಾ, ಡೆನ್ವರ್ ಬಂದಾಗ ಹುಡುಕೋಕೆ ಏನಂತ ಹೆಸರು ಕೊಟ್ಟ?"

"ಓಪಲ್ ಕೋಮ್ಸ್ ಅಂತ ಅವನೇ ಅರ್ಜೀಲಿ ಬರೆದ. ನಾನು ಬೇರೆ ಹೆಸರೇನಾದ್ರೂ ಇತ್ತಾ ಅಂತ್ಲೂ ಕೇಳ್ದೆ. ಇಲ್ಲ ಅಂದ." ಟ್ವೈಲಾಳ ಮುಖ ಕೆಂಪಾಯಿತು. "ನನ್ನ ಪತ್ರದಲ್ಲಿ ಒಂದಕ್ಷರ ಸುಳ್ಳಿಲ್ಲ ಮಿಸ್ ಓಪಲ್. ಆದ್ರೂ ನಂಗೆ ಈಗ ಒಂಥರಾ ಆಗ್ತಿದೆ."

"ನೀನೇನು ಮಾಡ್ತೀಯ ಮಗು. ಕೇಳಿದ್ದನ್ನ ಹುಡುಕ್ದೆ," ಎಂದಳು ಓಪಲ್.

ನಕಲು ತೆಗೆದು, ನಿಜಪ್ರತಿಯೆಂದು ಬರೆದು, ಟ್ವೈಲಾ ಅದನ್ನು ಕಬ್ಬಿಣದ ಒತ್ತುಯಂತ್ರದ ಬಾಯಿಗಿಟ್ಟಳು. ಹಿಡಿಯ ಮೇಲೆ ಮೈಭಾರವನ್ನೆಲ್ಲ ಹಾಕಿ ಒತ್ತಿದಳು. ಕಾಗದದ ಮೇಲೆ ಕೌಂಟಿಯ ಮುದ್ರೆ ಉಬ್ಬಿ ನಿಂತಿತು.

"ಬೆರಳು ದೂರ. ಸಿಕ್ಕಿದ್ರೆ ಬೆರಳಿಗೂ ಮದುವೆಯಾಗೋಗುತ್ತೆ."

ಅವರು ಹೊರಗೆ ಬರುವಾಗ ಸಾಲಿನ ಮುದುಕ ಟೋಪಿ ತೆಗೆದ.

"ಸಿಕ್ತಾ ಮಿಸ್ ಓಪಲ್?"

"ಸಿಕ್ತು."

"ಒಳ್ಳೇದಾಯ್ತು. ವರ್ಜಿಲ್ ಎದ್ಮೇಲೆ ಹೇಳಿ, ನನ್ನ ಟ್ರಕ್ಕಿಗೆ ದಂಡ ಬಿದ್ರೆ ಅವನೇ ಕಟ್ಬೇಕು."

ಓಪಲ್ ನಕ್ಕಳು. ಕೇಸು ಹಿಡಿದ ಮೇಲೆ ಐಡಾ ಅವಳ ನಗುವಿನ ಸದ್ದು ಕೇಳಿದ್ದು ಅದೇ ಮೊದಲು.

ಬೆಟ್ಟದ ರಸ್ತೆಯಲ್ಲಿ ಓಪಲ್ ಆ ನಕಲನ್ನು ಎದೆಗೆ ಒತ್ತಿಕೊಂಡು ಕೂತಿದ್ದಳು. ಐಡಾಳ ತಲೆಯಲ್ಲಿ ಒಂದೇ ಪ್ರಶ್ನೆ. ಡೆನ್ವರ್‌ಗೆ ಎಲ್ಲವೂ ಗೊತ್ತಿತ್ತು. ಎಮೆಟ್ ಗೊತ್ತಿದ್ದ, ಈ ಮದುವೆಯೂ ಗೊತ್ತಿತ್ತು. ಸಿಗದಂಥ ಹೆಸರನ್ನೇ ಆರಿಸಿ ಕೊಟ್ಟಿದ್ದ. ಆಸ್ತಿಯ ಆಸೆಯೇ? ವರ್ಜಿಲ್‌ಗೆ ಇದ್ದದ್ದು ಕಡಿದಾದ ಗುಡ್ಡದ ತುಂಡು ಮತ್ತು ಮುದಿ ಹೇಸರಗತ್ತೆ. ಅದಕ್ಕಾಗಿ ಯಾರೂ ಅಣ್ಣನನ್ನು ಸಾಯಲು ಬಿಡುವುದಿಲ್ಲ.

ಆಸ್ಪತ್ರೆಯ ಉದ್ದನೆಯ ಪಡಸಾಲೆಯಲ್ಲಿ, ವರ್ಜಿಲ್‌ನ ಕೋಣೆಯ ಹೊರಗೆ, ಡೆನ್ವರ್ ಕುರ್ಚಿಯಲ್ಲಿ ಕೂತಿದ್ದ. ಒರಟು ಗಡ್ಡ, ಮೊಣಕಾಲ ಮೇಲೆ ಟೋಪಿ. ಎಷ್ಟೋ ದಿನದಿಂದ ನಿದ್ದೆ ಮಾಡಿದವನಂತೆ ಕಾಣಲಿಲ್ಲ. ಗಾಜಿನ ಗೋಡೆಯಾಚೆ ಯಂತ್ರಗಳ ನಡುವೆ ವರ್ಜಿಲ್ ಮಲಗಿದ್ದ.

ವೈದ್ಯೆ ಹೇಡನ್ ಅವರ ಕೈಗೆ ಐಡಾ ನಕಲು ಕೊಟ್ಟಳು. ಅವರು ಉಬ್ಬಿದ ಮುದ್ರೆಯನ್ನು ಬೆರಳಲ್ಲಿ ಸವರಿ ನೋಡಿ, "ವಕೀಲರಿಗೆ ತೋರಿಸಿ ಈಗಲೇ ಬರ್ತೀನಿ," ಎಂದು ಬಿರಬಿರನೆ ಹೋದರು.

"ಎಲ್ಲಿ ಕೊಂಡ್ಕೊಂಡ್ ಬಂದ್ರಿ ಅದನ್ನ?" ಎಂದ ಡೆನ್ವರ್.

"ನೀವು ಹೋಗಿದ್ದ ಕಿಟಕೀಲೇ." ಐಡಾ ಇನ್ನೊಂದು ಪ್ರತಿಯನ್ನು ಅವನ ಮುಂದೆ ಹಿಡಿದಳು. "ಎರಡನೇ ಸಾಕ್ಷಿ ಹೆಸರು ಓದಿ."

"ಕನ್ನಡಕ ತಂದಿಲ್ಲ."

"ನಾನೇ ಓದ್ತೀನಿ. ಡೆನ್ವರ್ ಸ್ಟಿಡ್‌ಹ್ಯಾಮ್."

ಅವನು ಟೋಪಿಯ ಅಂಚನ್ನು ಒಂದು ಸುತ್ತು ತಿರುಗಿಸಿದ.

"ವರ್ಜಿಲ್ ಕರೆದ, ಹೋದೆ. ಬರೋಕೆ ಬೇರೆ ಯಾರೂ ಒಪ್ಪಲಿಲ್ಲ."

"ಪಕ್ಕದಲ್ಲೇ ನಿಂತು ಮದುವೆ ಮಾಡಿಸ್ದೋರು, ಈಗ ಮದುವೇನೇ ಆಗಿಲ್ಲ ಅಂತ ಪತ್ರ ತಂದ್ರಿ."

"ಪತ್ರ ಕೊಟ್ಟಿದ್ದು ಕೌಂಟಿ. ನಾನಲ್ಲ."

"ಓಪಲ್ ಕೋಮ್ಸ್ ಅಂತ ಬರೆದು ಕೊಟ್ಟಿದ್ದು ಯಾರು? ನಿಮ್ಮತ್ತಿಗೆ ಎರಡನೇ ಸಲ ಮದುವೆಯಾಗೋ ಹೊತ್ತಿಗೆ ಕೋಮ್ಸ್ ಆಗಿರ್ಲಿಲ್ಲ ಅನ್ನೋದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

ಓಪಲ್ ಅವನ ಎದುರು ಕುರ್ಚಿಯಲ್ಲಿ ಕೂತಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

"ಯಾಕೋ ಡೆನ್ವರ್? ನನ್ನ ಕಂಡ್ರೆ ಆಗಲ್ಲ, ಸರಿ. ಅವನು ಏನು ಮಾಡಿದ್ದ ನಿನಗೆ?"

"ಅವನಿಗೋಸ್ಕರಾನೇ ಮಾಡಿದ್ದು." ಡೆನ್ವರ್ ಎದ್ದು ನಿಂತ. ಗಟ್ಟಿ ದನಿಗೆ ಪಡಸಾಲೆಯ ಕೊನೆಯಲ್ಲಿದ್ದ ನರ್ಸ್ ತಿರುಗಿ ನೋಡಿದಳು. "ಎಮೆಟ್‌ಗೂ ಆಪರೇಷನ್ ಅಂದ್ರು. ಆಗ್ಲೂ ಹೆಂಡ್ತಿ ಸಹಿ ಬೇಕು ಅಂದ್ರು. ಸಹಿ ಬಿತ್ತು. ಅವನು ಆ ಮೇಜಿನ ಮೇಲಿಂದ ಏಳ್ಲೇ ಇಲ್ಲ. ಒಬ್ಬ ಅಣ್ಣ ಹಾಗೆ ಹೋದ. ಇನ್ನೊಬ್ಬನಿಗೂ ನೀನು ಸಹಿ ಹಾಕೋದನ್ನ ನೋಡ್ಕೊಂಡು ಕೂರ್ಬೇಕಾ?"

ಓಪಲ್ ಅವನನ್ನೇ ನೋಡಿದಳು.

"ಯಾವ ಸಹಿ?"

"ನಿನ್ನ ಸಹಿ. ಮತ್ತಿನ್ಯಾರ್ದು?"

"ನಾನು ಆವತ್ತು ಆಸ್ಪತ್ರೇಲೇ ಇರ್ಲಿಲ್ಲ, ಡೆನ್ವರ್."

ಅವನು ಟೋಪಿಯನ್ನು ಕುರ್ಚಿಯ ಮೇಲಿಟ್ಟ.

"ಅಮ್ಮನ ಮನೇಲಿದ್ದೆ, ಹೊಳೆ ಆಚೆ. ಆ ವಸಂತದ ಮಳೆಗೆ ಸೇತುವೆ ಕೊಚ್ಕೊಂಡು ಹೋಗಿತ್ತಲ್ಲ, ಮರೆತ್ಯಾ? ದಡದ ಮೇಲೆ ನಿಂತು ಕೂಗ್ತಿದ್ದೆ, ಯಾರಾದ್ರೂ ದೋಣಿ ತನ್ನಿ ಅಂತ. ಆ ನೀರಿಗೆ ಯಾವ ದೋಣಿ ಇಳಿಯುತ್ತೆ? ನೀರು ಇಳಿದ್ಮೇಲೆ ಬಂದೆ. ಬರೋ ಹೊತ್ತಿಗೆ ಪೆಟ್ಟಿಗೆಗೆ ಮೊಳೆ ಹೊಡೆದಾಗಿತ್ತು. ಎಮೆಟ್‌ನ ಮುಖಾನೂ ನೋಡ್ಲಿಲ್ಲ ನಾನು."

ಐಡಾ ಡೆನ್ವರ್‌ನ ಹತ್ತಿರ ಸರಿದಳು. ಮೆಲ್ಲಗೆ ಕೇಳಿದಳು.

"ಆ ದಿನ ಆಸ್ಪತ್ರೇಲಿ ಯಾರ್ಯಾರಿದ್ರು?"

"ನಾನು. ವರ್ಜಿಲ್."

"ಇನ್ಯಾರು?"

"ಇಬ್ರೇ."

"ಸಹಿ ಬಿದ್ದಿದ್ದನ್ನ ನೀವು ನೋಡಿದ್ರಾ?"

"ಇಲ್ಲ... ಒಬ್ರು ಕಾಫಿ ತರೋಕೆ ಹೋಗಿದ್ವಿ. ನಾನು ಹೋಗಿದ್ದೆ. ವಾಪಸ್ ಬರೋ ಹೊತ್ತಿಗೆ ಕಾಗದದ ಮೇಲೆ ಓಪಲ್ ಅಂತ ಇತ್ತು. ಅವಳು ಬಂದು ಸಹಿ ಹಾಕಿ ಹೋದ್ಳು, ನಿಲ್ಲೋಕಾಗ್ಲಿಲ್ಲ ಅವಳಿಗೆ ಅಂತ..."

"ಅಂತ ಯಾರು ಹೇಳಿದ್ರು?"

ಡೆನ್ವರ್ ಗಾಜಿನಾಚೆ ವರ್ಜಿಲ್‌ನತ್ತ ನೋಡಿದ. ಓಪಲ್ ನಿಧಾನವಾಗಿ ಎದ್ದು ಗಾಜಿನ ಗೋಡೆಯ ಹತ್ತಿರ ಹೋದಳು. ಯಂತ್ರದ ಹಸಿರು ಗೆರೆ ಏಳುತ್ತ ಬೀಳುತ್ತ ಸಾಗುತ್ತಿತ್ತು. ಅದರ ಕೆಳಗೆ ವರ್ಜಿಲ್‌ನ ಬೋಳಿಸಿದ ತಲೆ, ಬಿಳಿಯ ಹುಬ್ಬು.

"ಅದಕ್ಕೇನಾ ನೀನು ಮಾತು ತಗೊಂಡಿದ್ದು?" ಗಾಜಿಗೇ ಕೇಳಿದಳು. "ಎಮೆಟ್ ಹೇಗೆ ಹೋದ ಅನ್ನೋದನ್ನ ಎತ್ಬೇಡ ಅಂತ?"

ಪಡಸಾಲೆಯಲ್ಲಿ ಹೆಜ್ಜೆ ಸದ್ದಾಯಿತು. ವೈದ್ಯೆ ಹೇಡನ್ ಒಪ್ಪಿಗೆಯ ಕಾಗದ ಹಿಡಿದು ಬಂದರು.

"ಎಲ್ಲ ಸರಿಯಿದೆ, ಮಿಸೆಸ್ ಸ್ಟಿಡ್‌ಹ್ಯಾಮ್. ಕೋಣೆ ಸಿದ್ಧವಾಗಿದೆ. ಅಪಾಯ ಇಲ್ಲ ಅನ್ನೋಕಾಗಲ್ಲ. ಆದರೆ ಈ ವಯಸ್ಸಿಗೆ ಅವರ ಹೃದಯ ಗಟ್ಟಿಯಾಗಿದೆ. ನನಗೆ ನಂಬಿಕೆಯಿದೆ. ಇನ್ನು ನಿಮ್ಮ ಸಹಿ ಒಂದೇ."

ಆಸ್ಪತ್ರೆಗೆ ಬಂದ ಮೇಲೆ ಅವಳನ್ನು ಯಾರೂ ಹಾಗೆ ಕರೆದಿರಲಿಲ್ಲ. ಓಪಲ್ ಪೆನ್ನು ತೆಗೆದುಕೊಂಡಳು. ಅದು ಕಾಗದದ ಮೇಲೆ ಅಲುಗದೆ ನಿಂತಿತು.

ಐಡಾ ಆ ಪೆನ್ನನ್ನೇ ನೋಡಿದಳು. ಮದುವೆ ಸಿಕ್ಕಿತ್ತು. ಹಕ್ಕು ಸಿಕ್ಕಿತ್ತು. ಸಿಕ್ಕ ಗಳಿಗೆಯಲ್ಲೇ ಅದು ಕೈಜಾರಬಹುದಿತ್ತು. ಗಂಡ ತನ್ನ ಹೆಸರನ್ನು ಕದ್ದಿದ್ದನೆಂದು ಈಗ ತಾನೇ ತಿಳಿದ ಹೆಂಗಸು ಅವಳು.

"ಒಂದ್ನಿಮಿಷ," ಎಂದಳು ಓಪಲ್. ಚೀಲದಿಂದ ಕನ್ನಡಕ ತೆಗೆದು ಹಾಕಿಕೊಂಡಳು. "ಈ ಸಲ ನಾನೇ ಬರೀತೀನಿ."

ಪೂರ್ತಿ ಹೆಸರು ಬರೆದಳು. ಒಂದೊಂದು ಅಕ್ಷರವನ್ನೂ ಬಿಡಿಸಿ, ಶಾಲೆಯ ಹುಡುಗಿಯ ಹಾಗೆ ದುಂಡಗೆ.

ಆಮೇಲೆ ಎಲ್ಲವೂ ಬೇಗ ನಡೆಯಿತು. ಗಾಜಿನ ಬಾಗಿಲು ಸರಿಯಿತು. ಗಾಲಿಮಂಚ ಹೊರಗೆ ಬಂತು. ಓಪಲ್ ಅದರ ಜೊತೆಗೇ ನಡೆದಳು. ಒಂದು ಕೈ ವರ್ಜಿಲ್‌ನ ಮುಂಗೈ ಮೇಲೆ. ಶಸ್ತ್ರಚಿಕಿತ್ಸೆಯ ಕೋಣೆಯ ಬಾಗಿಲ ಬಳಿ ಅವನ ಕಿವಿಗೆ ಬಗ್ಗಿದಳು.

"ಎದ್ದು ಬಾ. ನಿನ್ನ ಹತ್ರ ಜಗಳ ಆಡೋದಿದೆ. ಆಡ್ದೆ ಬಿಡಲ್ಲ ನಾನು."

ಬಾಗಿಲು ಮುಚ್ಚಿಕೊಂಡಿತು. ಮೇಲೆ ಕೆಂಪು ದೀಪ ಹೊತ್ತಿತು. ಓಪಲ್ ಅಲ್ಲೇ ಗೋಡೆಗೆ ಒರಗಿದಳು. ಅವಳ ಮುಖದಲ್ಲಿ ದಣಿವಿತ್ತು. ಜೊತೆಗೆ ಇನ್ನೇನೋ ಇತ್ತು, ಬೆಳಕಿನಂಥದು.

ಡೆನ್ವರ್ ಹಿಂದೆಯೇ ಬಂದು ನಿಂತಿದ್ದ. ಟೋಪಿ ಕುರ್ಚಿಯಲ್ಲೇ ಬಿಟ್ಟು ಬಂದಿದ್ದ.

"ಎದ್ಮೇಲೆ ಅವನನ್ನ ಕೇಳ್ಬೇಡ, ಓಪಲ್."

"ಏಳ್ಲಿ ಮೊದ್ಲು."

"ಅವನಿಗೆ ಗೊತ್ತಿಲ್ಲ. ಸೇತುವೆ ಕೊಚ್ಕೊಂಡು ಹೋಗೋ ಮುಂಚೆ ನೀನು ಬಂದು ಹೋದೆ, ಸಹಿ ನಿಂದೇ ಅಂತ ನಂಬಿದಾನೆ ಅವನು. ಅದನ್ನ ನೆನೆದು ನೀನು ನೋಯಬಾರ್ದು ಅಂತ್ಲೇ ನಿನ್ನ ಹತ್ರ ಮಾತು ತಗೊಂಡ."

ಓಪಲ್ ಮೆಲ್ಲಗೆ ತಲೆಯೆತ್ತಿದಳು. ಡೆನ್ವರ್ ಅವಳನ್ನು ನೋಡುತ್ತಿರಲಿಲ್ಲ. ತನ್ನ ಬಲಗೈಯನ್ನು ಬೇರೆ ಯಾರದೋ ಎಂಬಂತೆ ನೋಡುತ್ತಿದ್ದ.

"ಆವತ್ತು ಕಾಫಿ ತರೋಕೆ ಹೋಗಿದ್ದು ನಾನಲ್ಲ."